ಎಚ್6 ಎಂಬ ನನ್ನ ಹಳೇ ಚಟ

ಚೆಸ್ ಆಡುವವರಿಗೆಲ್ಲ ಎಚ್6 ಗೊತ್ತು. ಬೋರ್ಡಿನ ಮನೆಗಳಿಗೆ ಬಿಳಿ ಕಾಯಿಯವರ ಎಡದಿಂದ ಬಲಕ್ಕೆ ಎ ಇಂದ ಎಚ್, ಅವರ ಕಡೆಯಿಂದ ಆಚೆಗೆ 1ರಿಂದ 8 ಅಂತ ಗುರುತು. ಎಚ್6 ಅಂಥದೊಂದು ಮನೆ, ಅಲ್ಲಿಗೆ ಕಾಲಾಳು ತರುವ ನಡೆಗೂ ಅದೇ ಹೆಸರು. ಕಪ್ಪು ಕಾಯಿ ಹಿಡಿದವರು ರಾಜನ ಕಡೆಯ ಮೂಲೆಯಲ್ಲಿ, ಆನೆಯ ಮುಂದೆ ನಿಂತ ಕಾಲಾಳನ್ನು ಒಂದೇ ಒಂದು ಮನೆ ಮುಂದಕ್ಕೆ ತಳ್ಳುವುದು. ನೋಡಿದರೆ ಪಾಪದ ನಡೆ. ಎದುರಾಳಿಯ ಕುದುರೆಯೋ ಒಂಟೆಯೋ ಜಿ5 ಮನೆಗೆ ಬಂದು ಕೂರದ ಹಾಗೆ ತಡೆಯುತ್ತದೆ, ಅಷ್ಟೆ. ಬಹಳ ಕಾಲ ನಾನು ಯಾರ ಮೇಲೆ ಆಡಿದರೂ ಮೊದಲ ಮೂರ್ನಾಲ್ಕು ನಡೆಯೊಳಗೆ ಇದನ್ನು ಆಡಿಯೇ ತೀರುತ್ತಿದ್ದೆ. ಈ ಚಟ ಹೇಗೆ ಅಂಟಿತು, ಹೇಗೆ ಬಿಟ್ಟಿತು ಅಂತ ಹೇಳುತ್ತೇನೆ. ಟೂರ್ನಮೆಂಟ್ ಆಡುವವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಅಂಗಡಿ ಕಟ್ಟೆ ಮೇಲೆ, ಬಸ್ಸಿನಲ್ಲಿ ಮೊಬೈಲ್ ಹಿಡಿದು ಆಡುವ ನನ್ನಂಥವರಿಗಾಗಿ ಬರೆಯುತ್ತಿದ್ದೇನೆ.

ಹಾಸನದಲ್ಲಿ, ಸರ್ಕಾರಿ ಕಚೇರಿಗಳ ಹತ್ತಿರ, ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಜಾತಿ ಸರ್ಟಿಫಿಕೇಟ್, ದಿನವಿಡೀ ಇಂಥವೇ. ಪಕ್ಕದ ಮಳಿಗೆ ಟೈಲರ್ ಅಣ್ಣನದು. ಅವರನ್ನು ಹೆಸರು ಹಿಡಿದು ಕರೆಯುವವರು ಆ ಬೀದಿಯಲ್ಲೇ ಯಾರೂ ಇಲ್ಲ. ಕರೆಂಟ್ ಹೋದರೆ ಇಬ್ಬರ ಕೆಲಸವೂ ನಿಲ್ಲುತ್ತದೆ. ನನ್ನ ಯುಪಿಎಸ್ ಕಂಪ್ಯೂಟರನ್ನು ಎಳೆಯುತ್ತದೆ, ಜೆರಾಕ್ಸ್ ಮೆಷಿನ್ನನ್ನು ಎಳೆಯುವುದಿಲ್ಲ. ಅಣ್ಣ ಕಾಲಲ್ಲಿ ತುಳಿಯುತ್ತಿದ್ದ ಹೊಲಿಗೆ ಮಿಷನ್ನಿಗೆ ಮೋಟರ್ ಹಾಕಿಸಿಕೊಂಡ ಮೇಲೆ ಅವರದೂ ಅದೇ ಪಾಡು. ಹಾಗಾಗಿ ಫ್ಯಾನ್ ನಿಂತ ಕೂಡಲೇ ಅವರು ಕಟಿಂಗ್ ಟೇಬಲ್ ಮೇಲಿನ ಬಟ್ಟೆ ಸರಿಸುತ್ತಾರೆ, ನಾನು ಸ್ಟೂಲ್ ಎತ್ತಿಕೊಂಡು ಹೋಗುತ್ತೇನೆ.

ಬೋರ್ಡ್ ಅಂದರೆ ರೆಕ್ಸಿನ್ ಹಾಳೆ. ಮಡಚಿ ಮಡಚಿ ನಡುವೆ ಸೀಳು ಬಿದ್ದಿದೆ. ಕಪ್ಪು ಕಾಲಾಳು ಒಂದು ಎಲ್ಲೋ ಕಳೆದುಹೋಗಿ, ಅದರ ಜಾಗದಲ್ಲಿ ಕೋಟಿನ ದೊಡ್ಡ ಗುಂಡಿ ನಿಲ್ಲುತ್ತದೆ. ಗುಂಡಿಯನ್ನು ಇಡುವ ಜಾಗವೂ ಗೊತ್ತಾಗಿಹೋಗಿದೆ. ಅದು ಎಚ್7. ನಾನು ಮುಂದೆ ತಳ್ಳುತ್ತಿದ್ದ ಕಾಲಾಳು ಅದೇ.

ಅಣ್ಣ ಆಟ ಕಲಿತಿದ್ದು ಅರಕಲಗೂಡಿನ ಕಡೆ ಅವರ ತಂದೆಯಿಂದ, ಅದೂ ಹಳೇ ಪದ್ಧತಿಯಲ್ಲಿ. ಅದರಲ್ಲಿ ಕಾಲಾಳು ಮೊದಲ ನಡೆಗೂ ಒಂದೇ ಮನೆ ಹೋಗುತ್ತದೆ. ಕ್ಯಾಸಲಿಂಗ್, ಅಂದರೆ ರಾಜ ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು, ಇಲ್ಲ. ಬದಲಿಗೆ ರಾಜ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಹೀಗೆ ಆಡಿದರೆ ಎರಡು ಸೈನ್ಯ ಮುಖಾಮುಖಿ ಆಗುವಷ್ಟರಲ್ಲೇ ಸುಮಾರು ಹೊತ್ತು ಹಿಡಿಯುತ್ತದೆ. ಓಪನಿಂಗ್‌ನಲ್ಲಿ, ಅಂದರೆ ಆಟದ ಶುರುವಿನ ನಡೆಗಳಲ್ಲಿ, ಸಿಕ್ಕಿಬೀಳುವ ಭಯ ಕಡಿಮೆ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಕೂಡ ಇಂಥ ದೇಸಿ ಪದ್ಧತಿಯಲ್ಲೇ ಆಡಿ ಬೆಳೆದವರು. ಆಮೇಲೆ ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, ವಿಶ್ವ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕಾರಂಥವರನ್ನೇ ಸೋಲಿಸಿದರು. ಓಪನಿಂಗ್ ಮಾತ್ರ ಅವರಿಗೆ ಕೊನೆವರೆಗೂ ಕಷ್ಟದ ಭಾಗವಾಗಿತ್ತು. ನಮ್ಮ ಅಣ್ಣ ಈ ವಿಷಯದಲ್ಲಿ ಚುರುಕು. ಹೊಸ ನಿಯಮಕ್ಕೆ ಹೊಂದಿಕೊಂಡಿದ್ದಷ್ಟೇ ಅಲ್ಲ, ಬೆಂಗಳೂರಿನಲ್ಲಿರುವ ಮಗನ ಕೈಲಿ ಫೋನಿನಲ್ಲೇ ಒಂದೆರಡು ಪಟ್ಟು ಕಲಿತುಕೊಂಡಿದ್ದರು. ಆ ಪಟ್ಟುಗಳನ್ನು ಮೊದಲು ತಿಂದವನು ನಾನು.

ಮೊದಲನೇದು ಫ್ರೈಡ್ ಲಿವರ್ ಅಂತ ಹೆಸರಿರುವ ದಾಳಿ. ಬಿಳಿ ಇ4, ಕಪ್ಪು ಇ5. ಬಿಳಿ ಕುದುರೆ ಎಫ್3ಕ್ಕೆ, ನನ್ನ ಕುದುರೆ ಸಿ6ಕ್ಕೆ. ಅವರ ಒಂಟೆ ಸಿ4ಕ್ಕೆ, ನನ್ನ ಇನ್ನೊಂದು ಕುದುರೆ ಎಫ್6ಕ್ಕೆ. ಇಲ್ಲಿವರೆಗೆ ಎಲ್ಲ ಸರಿ. ಆಗ ಅವರ ಕುದುರೆ ಜಿ5ಕ್ಕೆ ಹಾರಿತು. ಎಫ್7ರಲ್ಲಿರುವ ನನ್ನ ಕಾಲಾಳಿಗೆ ಕುದುರೆ, ಒಂಟೆ ಎರಡೂ ಗುರಿ. ಅದನ್ನು ಕಾಯುವುದು ರಾಜ ಒಬ್ಬನೇ. ಡಿ5 ಆಡಿ ಒಂಟೆಯ ದಾರಿಗೆ ಕಾಲಾಳು ಅಡ್ಡ ಇಟ್ಟೆ. ಅವರು ಅದನ್ನು ಹೊಡೆದರು, ನಾನು ಕುದುರೆಯಿಂದ ತಿರುಗಿ ಹೊಡೆದೆ. ಅಷ್ಟು ಹೊತ್ತಿಗೆ ಅವರ ಕುದುರೆ ಎಫ್7ಕ್ಕೆ ನುಗ್ಗಿತು. ಮಂತ್ರಿಗೂ ಆನೆಗೂ ಒಟ್ಟಿಗೆ ಏಟು. ರಾಜನಿಂದ ಕುದುರೆ ಹೊಡೆದೆ. ಮಂತ್ರಿ ಎಫ್3, ಚೆಕ್. ಡಿ5ರ ಕುದುರೆ ಉಳಿಸಿಕೊಳ್ಳಬೇಕಾದರೆ ರಾಜ ಇ6ಕ್ಕೆ, ಅಂದರೆ ಬಯಲಿಗೆ ಬರಬೇಕು. ಬಂದ. ಮುಂದಿನದು ಹೇಳುವುದು ಬೇಡ.

ಕುದುರೆಯಿಂದ ಹೊಡೆಯುವ ಬದಲು ಸಿ6ರ ಕುದುರೆಯನ್ನು ಎ5ಕ್ಕೆ ತಂದು ಅವರ ಒಂಟೆಯನ್ನು ಕೆಣಕಬೇಕಿತ್ತು. ಒಂದು ಕಾಲಾಳು ಕಮ್ಮಿಯಾದರೂ ನನ್ನ ಕಾಯಿಗಳೆಲ್ಲ ಬೇಗ ಹೊರಗೆ ಬರುತ್ತಿದ್ದವು. ಇದೆಲ್ಲ ತಿಳಿದದ್ದು ಬಹಳ ತಡವಾಗಿ. ಆಗ ತಲೆಗೆ ಹೋಗಿದ್ದು ಒಂದೇ ಮಾತು. ಜಿ5ಕ್ಕೆ ಕುದುರೆ ಬರಬಾರದು. ಬರಬಾರದು ಅಂದರೆ ಎಚ್6. ಜೊತೆಗೆ ಡಿ6 ಆಡಿ ಇ5ಕ್ಕೆ ಕಾವಲು ಹಾಕಿಬಿಟ್ಟರೆ ಕೋಟೆ ಭದ್ರ ಅಂದುಕೊಂಡೆ.

ಸ್ವಲ್ಪ ದಿನ ಈ ಕೋಟೆ ನಡೆಯಿತು. ಗೆಲ್ಲುತ್ತಿರಲಿಲ್ಲ, ಆದರೆ ಹತ್ತು ನಡೆಯೊಳಗೆ ಸಾಯುತ್ತಲೂ ಇರಲಿಲ್ಲ. ಆಮೇಲೆ ಬಂತು ಆ ಮಧ್ಯಾಹ್ನ. ಆಟ ಪೂರ್ತಿ ಕೊಡುತ್ತೇನೆ, ಚಿಕ್ಕದೇ ಇದೆ. ಬೋರ್ಡ್ ಇದ್ದರೆ ಇಟ್ಟುಕೊಂಡು ನೋಡಿ.

ಬಿಳಿ ಇ4, ನನ್ನದು ಇ5. ಕುದುರೆ ಎಫ್3, ನನ್ನದು ಡಿ6. ಒಂಟೆ ಸಿ4, ನನ್ನದು ಎಚ್6. ಗುಂಡಿ ಒಂದು ಮನೆ ಮುಂದೆ ಹೋಯಿತು. ಅವರ ಇನ್ನೊಂದು ಕುದುರೆ ಸಿ3. ನಾನು ಒಂಟೆಯನ್ನು ಜಿ4ಕ್ಕೆ ತಂದು ಎಫ್3ರ ಕುದುರೆಯನ್ನು ಕಟ್ಟಿಹಾಕಿದೆ. ಆ ಕುದುರೆ ಅಲುಗಿದರೆ ಹಿಂದಿರುವ ಮಂತ್ರಿ ನನ್ನ ಒಂಟೆಗೆ ಸಿಗುತ್ತದೆ. ಇದನ್ನು ಪಿನ್ ಅನ್ನುತ್ತಾರೆ. ಪಿನ್ ಹಾಕಿದರೆ ನನಗೆ ಏನೋ ದೊಡ್ಡ ಕೆಲಸ ಮಾಡಿದ ಸಮಾಧಾನ.

ಅಣ್ಣ ಅದೇ ಕುದುರೆಯನ್ನು ಎತ್ತಿ ಇ5ರ ನನ್ನ ಕಾಲಾಳನ್ನು ಹೊಡೆದರು.

ಮಂತ್ರಿ ಬಾಯಿಗೆ ಬಿದ್ದಿತ್ತು. ಟೀ ತಂದ ಹುಡುಗನಿಗೂ ಕೇಳಲಿ ಅಂತ "ಅಣ್ಣಾ, ಮಂತ್ರಿ ಹೋಯ್ತಲ್ಲ" ಅಂದು ಒಂಟೆಯಿಂದ ಹೊಡೆದು ಎತ್ತಿಟ್ಟುಕೊಂಡೆ. ಅವರು "ಹೋಗ್ಲಿ ಬಿಡು" ಅಂದರು. ಸಿ4ರ ಒಂಟೆ ಎಫ್7ರ ಕಾಲಾಳನ್ನು ಹೊಡೆಯಿತು, ಚೆಕ್. ಒಂಟೆಯನ್ನು ಹೊಡೆಯೋಣ ಅಂದರೆ ಇ5ರ ಕುದುರೆ ಅದನ್ನು ಕಾಯುತ್ತಿದೆ. ರಾಜನಿಗೆ ಹೋಗಲು ಇದ್ದದ್ದು ಇ7 ಒಂದೇ ಮನೆ. ಹೋದ. ಸಿ3ರ ಕುದುರೆ ಡಿ5ಕ್ಕೆ ಬಂದು ಕೂತಿತು. ಚೆಕ್‌ಮೇಟ್. ನನ್ನ ಕೈಯಲ್ಲಿ ಅವರ ಮಂತ್ರಿ ಇನ್ನೂ ಹಾಗೇ ಇತ್ತು. ರಾಜನ ಸುತ್ತ ನನ್ನವೇ ಮಂತ್ರಿ, ಒಂಟೆ, ಕಾಲಾಳು ಗೋಡೆ ಕಟ್ಟಿದ್ದವು. ಉಳಿದ ಮನೆಗಳನ್ನು ಅವರ ಎರಡು ಕುದುರೆ, ಒಂದು ಒಂಟೆ ಹಂಚಿಕೊಂಡಿದ್ದವು.

"ಅಳತೆ ತಗೊಳ್ದೆ ಕತ್ತರಿ ಹಾಕ್ದಂಗೆ ಆಡ್ತೀಯಲ್ಲಪ್ಪ" ಅಂದರು ಅಣ್ಣ. ಕರೆಂಟ್ ಬಂತು. ಅವರು ಮಿಷನ್ ಹತ್ತಿರ ಹೋದರು. ನಾನು ಯಾರದೋ ಪಹಣಿಯನ್ನು ತಲೆಕೆಳಗಾಗಿ ಜೆರಾಕ್ಸ್ ಮಾಡಿದೆ.

ಆವತ್ತಿನಿಂದ ಆಟ ಬರೆದುಕೊಳ್ಳಲು ಶುರು ಮಾಡಿದೆ. ಪೇಪರಿಗೆ ನನ್ನ ಅಂಗಡಿಯಲ್ಲಿ ಬರವಿಲ್ಲ. ಜಾಮ್ ಆಗಿ ಮುದುರಿದ್ದು, ಮಸಿ ಹತ್ತಿದ್ದು, ಒಂದು ಕಡೆ ಖಾಲಿ ಇರುವ ಹಾಳೆ ದಿನಕ್ಕೊಂದು ಕಟ್ಟು ಬೀಳುತ್ತದೆ. ರಾತ್ರಿ ನೆನಪು ಮಾಡಿಕೊಂಡು ಬರೆಯೋಣ ಅಂದರೆ ಐದಾರು ನಡೆ ಆದಮೇಲೆ ಎಲ್ಲ ಕಲಸಿಹೋಗುತ್ತಿತ್ತು. ಹಾಗಾಗಿ ಆಡುತ್ತಲೇ ಬರೆಯಬೇಕಾಯಿತು. ಅಣ್ಣನಿಗೆ ಮೊದಮೊದಲು ಕಿರಿಕಿರಿ. "ಏನಪ್ಪ, ಲೆಕ್ಕ ಬರ್ಕೊಳ್ತಿದ್ದೀಯ? ನಾನೇನು ಸಾಲ ತಗೊಂಡಿದ್ದೀನಾ?" ಅಂದರು. ಆಮೇಲೆ ಅವರಿಗೇ ಕುತೂಹಲ ಬಂದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬೋರ್ಡಿನ ಅಂಚಿಗೆ ಎ ಇಂದ ಎಚ್‌ವರೆಗೆ, 1ರಿಂದ 8ರವರೆಗೆ ಬರೆದರು. ಈಗಲೂ ವಾರಕ್ಕೊಮ್ಮೆ ಅದನ್ನು ತಿದ್ದುತ್ತಾರೆ.

ಬರೆದದ್ದನ್ನು ಮನೆಗೆ ತಂದು, ಚೆಸ್ ಆಡುವ ವೆಬ್‌ಸೈಟಾದ ಲಿಚೆಸ್‌ನಲ್ಲಿ ಹಾಕುತ್ತಿದ್ದೆ. ದುಡ್ಡು ಕೇಳುವುದಿಲ್ಲ, ಜಾಹೀರಾತೂ ಇಲ್ಲ. ಒಳಗೆ ಸ್ಟಾಕ್‌ಫಿಶ್ ಅನ್ನುವ ಎಂಜಿನ್, ಅಂದರೆ ನಡೆಗಳ ಲೆಕ್ಕ ಹಾಕುವ ಪ್ರೋಗ್ರಾಂ, ಇದೆ. ಆಟ ಕೊಟ್ಟರೆ ಎಲ್ಲಿ ಕೆಟ್ಟಿತು ಅಂತ ಗುರುತು ಹಾಕಿಕೊಡುತ್ತದೆ. ಆ ಸೋಲನ್ನು ಹಾಕಿ ನೋಡಿದೆ. ಮಂತ್ರಿ ಹೊಡೆದ ನಡೆಗೆ ಎರಡು ಪ್ರಶ್ನೆ ಚಿಹ್ನೆ, ಕೆಂಪು ಬಣ್ಣ. ಸರಿ, ಮಂತ್ರಿ ಹೊಡೆಯಬಾರದು. ಪಾಠ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಮತ್ತೊಂದು ದಿನ ಅದೇ ಆಟ ಅದೇ ಸಾಲಿನಲ್ಲಿ ಬಂತು. ಈ ಸಲ ಮಂತ್ರಿಯನ್ನು ಮುಟ್ಟಲಿಲ್ಲ. ಡಿ6ರ ಕಾಲಾಳಿನಿಂದ ಇ5ರ ಕುದುರೆಯನ್ನು ಹೊಡೆದೆ. ಅವರ ಮಂತ್ರಿ ಆರಾಮಾಗಿ ಬಂದು ಜಿ4ರಲ್ಲಿ ಕಾವಲಿಲ್ಲದೆ ಕೂತಿದ್ದ ನನ್ನ ಒಂಟೆಯನ್ನು ಹೊಡೆಯಿತು. ಕುದುರೆಗೆ ಒಂಟೆ ಸರಿಹೋಯಿತು, ನನಗೆ ಒಂದು ಕಾಲಾಳು ನಷ್ಟ. ಎಂಜಿನ್ ಹೇಳಿದ್ದನ್ನೇ ಆಡಿದ್ದೆ, ಆದರೂ ನಿಧಾನವಾಗಿ ಸೋತೆ. ಎಂಜಿನ್ ತೋರಿಸುವುದು ಏಟು ಬಿದ್ದ ಜಾಗವನ್ನು. ಆ ಏಟಿಗೆ ಎರಡು ಮೂರು ನಡೆ ಹಿಂದೆಯೇ ಜಾಗ ಮಾಡಿಕೊಟ್ಟಿರುತ್ತೇವೆ. ಅಲ್ಲಿ ಕೆಂಪು ಗುರುತು ಇರುವುದೇ ಇಲ್ಲ. ನನ್ನ ಎಚ್6ಗೂ ಇರಲಿಲ್ಲ. ಯಾರ ಕೈ ಮೇಲಿದೆ ಅಂತ ತೋರಿಸುವ ಪಟ್ಟಿ ಬಿಳಿಯ ಕಡೆಗೆ ಒಂದಿಷ್ಟು ಜರುಗಿತ್ತು, ಅಷ್ಟೆ.

ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ಊರಿನಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ವರ್ಷಕ್ಕೊಂದು ಸಲ, ದೀಪಾವಳಿ ಆಸುಪಾಸಿನಲ್ಲಿ ಮಾತ್ರ ದರ್ಶನ. ಎಲ್ಲೆಲ್ಲಿಂದಲೋ ಜನ. ಅಣ್ಣನಿಗೆ ಹಬ್ಬದ ಹೊಲಿಗೆ. ಕಟಿಂಗ್ ಟೇಬಲ್ ಮೇಲೆ ಬೋರ್ಡ್ ಹಾಸಲು ಜಾಗವೇ ಇಲ್ಲ. ಆ ಬಿಡುವಿನಲ್ಲಿ ರಾತ್ರಿ ಊಟ ಆದಮೇಲೆ ಎಂಜಿನ್ ಆಫ್ ಮಾಡಿ ಆ ಹಾಳೆಯನ್ನು ಹಿಂದಿನಿಂದ ಮುಂದಕ್ಕೆ ಓದಿದೆ.

ಅವರು ಇ5ರಲ್ಲಿ ಹೊಡೆಯಲು ಹೇಗೆ ಸಾಧ್ಯವಾಯಿತು? ಜಿ4ರ ಒಂಟೆಗೆ ಕಾವಲಿರಲಿಲ್ಲ, ಇ5ಕ್ಕೂ ಡಿ6ರ ಕಾಲಾಳು ಬಿಟ್ಟು ಬೇರೆ ಕಾವಲಿರಲಿಲ್ಲ. ಸಿ6ರಲ್ಲಿ ನನ್ನ ಕುದುರೆ ಇದ್ದಿದ್ದರೆ? ಅವರ ಕುದುರೆ ಇ5ಕ್ಕೆ ಬಂದ ಕೂಡಲೇ ನನ್ನ ಕುದುರೆ ಅದನ್ನು ಹೊಡೆಯುತ್ತದೆ, ಇ5ರಲ್ಲಿ ನಿಂತು ಜಿ4ರ ಒಂಟೆಗೂ ಕಾವಲಾಗುತ್ತದೆ. ಆ ಪಟ್ಟೇ ಮುರಿದುಬೀಳುತ್ತದೆ. ಹಾಗಾದರೆ ಸಿ6ರಲ್ಲಿ ಕುದುರೆ ಯಾಕಿರಲಿಲ್ಲ? ಆ ನಡೆಯನ್ನು ಎಚ್6 ತಿಂದುಹಾಕಿತ್ತು. ಎಚ್6 ಯಾಕೆ ಆಡಿದೆ? ಜಿ5ಕ್ಕೆ ಕುದುರೆ ಬರಬಾರದು ಅಂತ.

ಸರಿ, ಬಂದಿದ್ದರೆ ಏನಾಗುತ್ತಿತ್ತು? ಸುಮ್ನೆ ನೋಡೋಣ ಅಂತ ಸ್ಕ್ರೀನಿನ ಮೇಲೆ ಎಚ್6 ವಾಪಸ್ ತೆಗೆದು, ಬಿಳಿ ಕುದುರೆಯನ್ನು ಬೆರಳಲ್ಲಿ ಎಳೆದು ಜಿ5ರಲ್ಲಿ ಇಟ್ಟೆ. ನನ್ನ ಮಂತ್ರಿ ಡಿ8ರಲ್ಲಿದೆ. ಅಲ್ಲಿಂದ ಓರೆಯಾಗಿ ಇ7 ಖಾಲಿ. ಎಫ್6 ಖಾಲಿ. ಮುಂದಿನದು ಜಿ5. ಮಂತ್ರಿ ನೇರವಾಗಿ ಹೋಗಿ ಕುದುರೆಯನ್ನು ಬಿಟ್ಟಿಯಾಗಿ ಹೊಡೆಯುತ್ತದೆ! ಬಂದರೆ ನನಗೇ ಲಾಭ. ಇಷ್ಟು ದಿನ ಅದನ್ನೇ ಬರದಂತೆ ತಡೆಯುತ್ತಾ ಕೂತಿದ್ದೆ.

ಫ್ರೈಡ್ ಲಿವರ್ ಆಟದ ಹಾಳೆ ನನ್ನ ಹತ್ತಿರ ಇರಲಿಲ್ಲ, ಆದರೆ ಸೋತ ರೀತಿ ನೆನಪಿತ್ತು. ಅಲ್ಲಿ ನನ್ನ ಕುದುರೆ ಎಫ್6ಕ್ಕೆ ಬಂದು ಮಂತ್ರಿಯ ದಾರಿ ಮುಚ್ಚಿತ್ತು. ಅದಕ್ಕೇ ಜಿ5ಕ್ಕೆ ಬರುವ ಧೈರ್ಯ ಅವರಿಗಿತ್ತು. ಎಫ್6ರಲ್ಲಿ ಕುದುರೆ ಇಲ್ಲದಾಗ ಜಿ5ರ ಭಯವೂ ಇಲ್ಲ. ಹಾಗಾಗಿ ಒಂಟೆ ಸಿ4ಕ್ಕೆ ಬಂದಾಗ ನಾನೂ ನನ್ನ ಒಂಟೆಯನ್ನು ಸಿ5ಕ್ಕೆ ತಂದರೂ ಸಾಕು, ಮಂತ್ರಿಯ ದಾರಿ ತೆರೆದೇ ಇರುತ್ತದೆ. ಪುಸ್ತಕ ಓದಿದವರಿಗೆ ಇದು ಮೊದಲನೇ ಪಾಠ ಇರಬಹುದು. ನನಗೆ ಮಾತ್ರ ರಾತ್ರಿ ಹನ್ನೊಂದಕ್ಕೆ ಎದ್ದು ಅಣ್ಣನಿಗೆ ಫೋನ್ ಮಾಡಬೇಕು ಅನ್ನಿಸಿತು. ಮಾಡಲಿಲ್ಲ. ಹಬ್ಬದ ಹೊಲಿಗೆಯಲ್ಲಿರುವ ಟೈಲರಿಗೆ ಆ ಹೊತ್ತಲ್ಲಿ ಫೋನ್ ಮಾಡಿದರೆ ಏನು ಬೈಸಿಕೊಳ್ಳಬೇಕಾಗುತ್ತದೋ.

ಅಣ್ಣ ಮಂತ್ರಿ ಕೊಟ್ಟು ಹಾಕಿದ ಆ ಮೇಟಿನ ಹಿಂದೆ ದೊಡ್ಡ ಹೆಸರೂ ಇದೆ ಅಂತ ಆಗಲೇ ಗೊತ್ತಾಯಿತು. 18ನೇ ಶತಮಾನದಲ್ಲಿ ಪ್ಯಾರಿಸಿನ ಕೆಫೆಯಲ್ಲಿ ಆಡುತ್ತಿದ್ದ ಲೆಗಾಲ್ ಅನ್ನುವವರ ಹೆಸರಲ್ಲಿ ಇದನ್ನು ಕರೆಯುತ್ತಾರೆ. ಅವರ ಶಿಷ್ಯ ಫಿಲಿಡೋರ್. ನಾನು ಎರಡನೇ ನಡೆಯಲ್ಲಿ ಆಡುವ ಡಿ6 ಇದೆಯಲ್ಲ, ಆ ಓಪನಿಂಗಿಗೆ ಫಿಲಿಡೋರ್ ಡಿಫೆನ್ಸ್ ಅಂತಲೇ ಹೆಸರು. ಶಿಷ್ಯನ ನಡೆ ಆಡಿ ಗುರುವಿನ ಕೈಲಿ ಮೇಟ್ ತಿಂದ ಹಾಗಾಯಿತು. 1858ರಲ್ಲಿ ಪ್ಯಾರಿಸಿನ ಒಪೆರಾದಲ್ಲಿ ಅಮೆರಿಕದ ಆಟಗಾರ ಮಾರ್ಫಿ ಹದಿನೇಳೇ ನಡೆಯಲ್ಲಿ ಗೆದ್ದ ಪ್ರಸಿದ್ಧ ಆಟದಲ್ಲೂ ಎದುರಾಳಿಗಳು ಆಡಿದ್ದು ಇದೇ ಡಿ6, ಇದೇ ಆತುರದ ಒಂಟೆ ಜಿ4. ಸೋತವರಲ್ಲಿ ಒಬ್ಬರು ಡ್ಯೂಕ್, ಇನ್ನೊಬ್ಬರು ಕೌಂಟ್. ನನಗೆ ಸ್ವಲ್ಪ ಸಮಾಧಾನ ಆಯಿತು.

ಹಬ್ಬ ಮುಗಿದು ಊರು ತಣ್ಣಗಾದ ಮೇಲೆ ಮತ್ತೆ ಬೋರ್ಡ್ ಹಾಸಿದೆವು. ಇ4, ಇ5. ಕುದುರೆ ಎಫ್3, ಡಿ6. ಒಂಟೆ ಸಿ4. ಅಣ್ಣ ಗುಂಡಿಯ ಕಡೆ ನೋಡಿದರು. ನಾನು ಕುದುರೆಯನ್ನು ಸಿ6ಕ್ಕೆ ತಂದೆ. ಅವರು ಕುದುರೆ ಸಿ3, ನಾನು ಒಂಟೆ ಜಿ4. ಬೇಕೆಂದೇ ಆಡಿದ್ದು. ಅವರು ಜಾಸ್ತಿ ಯೋಚಿಸಲಿಲ್ಲ, ಇ5ರ ಕಾಲಾಳನ್ನು ಹೊಡೆದರು. ನಾನು ಸಿ6ರ ಕುದುರೆಯಿಂದ ಅದನ್ನು ಹೊಡೆದೆ.

"ಮಂತ್ರಿ ಬೇಡ್ವೇನಪ್ಪ?"

"ಬೇಡ ಅಣ್ಣ, ಇರಲಿ."

ಅವರು ಕನ್ನಡಕ ಮೇಲೆ ಸರಿಸಿ ಸುಮಾರು ಹೊತ್ತು ನೋಡಿದರು. ಮಂತ್ರಿಯಿಂದ ಜಿ4ರ ಒಂಟೆಯನ್ನು ಹೊಡೆದರೆ ಇ5ರ ಕುದುರೆ ಮಂತ್ರಿಯನ್ನೇ ಹೊಡೆಯುತ್ತದೆ. ಒಂದು ಕುದುರೆ ಕೊಟ್ಟು ಅವರಿಗೆ ಸಿಕ್ಕಿದ್ದು ಒಂದು ಕಾಲಾಳು. ಆ ಆಟ ನಾನು ಗೆದ್ದೆ. ಗೆದ್ದೆ ಅನ್ನೋದಕ್ಕಿಂತ, ಕಚೇರಿಯಿಂದ ಒಬ್ಬರು ದೊಡ್ಡ ಫೈಲ್ ತಂದು ನಿಂತರು, ಅಷ್ಟರಲ್ಲಿ ಕರೆಂಟೂ ಬಂತು, ಅಣ್ಣ "ತಗೋ, ಇದು ನಿಂದೇ" ಅಂದು ಕಾಯಿ ಕೂಡಿಸಿಬಿಟ್ಟರು.

ಆ ಹಾಳೆಯ ಕೆಳಗೆ ನಾನೊಂದು ಟಿಪ್ಪಣಿ ಬರೆದಿದ್ದೆ. ಅಣ್ಣ ಮೊದಲು ಎಚ್3 ಆಡಿ ನನ್ನ ಒಂಟೆಯನ್ನು ಕೆಣಕಿದ್ದರೆ, ನಾನು ಅದನ್ನು ಎಚ್5ಕ್ಕೆ ಹಿಂದೆ ಸರಿಸಿದ್ದರೆ, ಸಿ6ರಲ್ಲಿ ಕುದುರೆ ಇದ್ದರೂ ಇ5ರ ಹೊಡೆತ ನಡೆಯುತ್ತಿತ್ತು. ನನ್ನ ಕುದುರೆ ಇ5ರಲ್ಲಿ ಹೊಡೆದರೂ ಅದು ಎಚ್5ರ ಒಂಟೆಯನ್ನು ಕಾಯಲಾರದು. ಅವರ ಮಂತ್ರಿ ಆ ಒಂಟೆಯನ್ನು ಹೊಡೆಯುತ್ತದೆ. ನಾನು ಸಿ4ರ ಒಂಟೆಯನ್ನು ಹೊಡೆದರೆ ಮಂತ್ರಿ ಬಿ5ರಿಂದ ಚೆಕ್ ಕೊಟ್ಟು ಸಿ4ರ ಕುದುರೆಯನ್ನು ಎತ್ತಿಕೊಳ್ಳುತ್ತದೆ. ಲೆಕ್ಕ ಹಾಕಿದರೆ ಬಿಳಿಗೆ ಒಂದು ಕಾಲಾಳು ಲಾಭ. ಒಂದು ಮನೆ ಆಚೆ ಈಚೆಗೆ ಎಷ್ಟು ವ್ಯತ್ಯಾಸ ಅಲ್ವಾ ಅಂತ ಖುಷಿಯಾಗಿ ಬರೆದಿಟ್ಟಿದ್ದೆ.

ಅಣ್ಣ ಆ ಹಾಳೆ ಕೇಳಿದರು. "ಅದೊಂದು ಜೆರಾಕ್ಸ್ ಕೊಡಪ್ಪ." ಕೊಟ್ಟೆ. ಎರಡು ರೂಪಾಯಿ ಇಡಲು ಬಂದರು, ಬೇಡ ಅಂದೆ. ಮುಂದಿನ ಆಟದಲ್ಲೇ ಎಚ್3 ಬಂತು. ನಾನು ಅಭ್ಯಾಸಬಲದಲ್ಲಿ ಒಂಟೆಯನ್ನು ಎಚ್5ಕ್ಕೆ ಸರಿಸಿದೆ. ನನ್ನ ಟಿಪ್ಪಣಿಯಲ್ಲಿದ್ದ ಸಾಲನ್ನೇ ಅವರು ಒಂದಕ್ಷರ ಬಿಡದೆ ಆಡಿ ತೋರಿಸಿದರು. ಎರಡು ರೂಪಾಯಿ ತಗೊಳ್ಳಬೇಕಿತ್ತು.

ಈಗ ಎಚ್3 ಬಂದರೆ ಒಂಟೆಯನ್ನು ಹಿಂದೆ ಸರಿಸುವುದಿಲ್ಲ, ಎಫ್3ರ ಕುದುರೆಯನ್ನು ಹೊಡೆದುಬಿಡುತ್ತೇನೆ. ಅವರ ಮಂತ್ರಿ ತಿರುಗಿ ಹೊಡೆದು ಎಫ್3ರಲ್ಲಿ ಕೂರುತ್ತದೆ. ಒಂಟೆ, ಮಂತ್ರಿ ಎರಡೂ ಎಫ್7ಕ್ಕೆ ಗುರಿ. ಸುಮ್ಮನಿದ್ದರೆ ಅಲ್ಲೇ ಮೇಟ್. ಹಾಗಾಗಿ ಕುದುರೆಯನ್ನು ಎಫ್6ಕ್ಕೆ ತಂದು ಮಂತ್ರಿಗೆ ಅಡ್ಡ ಇಡುತ್ತೇನೆ. ನನ್ನ ಮಂತ್ರಿಯ ಓರೆ ದಾರಿ ಮುಚ್ಚಿತು, ನಿಜ. ಆದರೆ ಜಿ5ಕ್ಕೆ ಹಾರಬೇಕಾದ ಕುದುರೆ ಬೋರ್ಡಿನ ಮೇಲೆಯೇ ಇಲ್ಲ. ಗುಂಡಿ ಎಚ್7ರಲ್ಲೇ ಇರುತ್ತದೆ. ಅವರಿಗೆ ಎರಡೂ ಒಂಟೆ ಉಳಿಯುತ್ತವೆ, ಅದು ಅವರಿಗೆ ಅನುಕೂಲವೇ. ಆಡಿಕೊಳ್ಳಲಿ.

ಇದು ಗೊತ್ತಾದ ಮೇಲೆ ಅಣ್ಣ ಇ4 ಬಿಟ್ಟು ಡಿ4ಗೆ ಹೋಗಿದ್ದಾರೆ. ಮಗನ ಫೋನ್ ಬಂದಿರಬೇಕು ಅಂತ ನನ್ನ ಅನುಮಾನ. ಡಿ4ಗೆ ನಾನು ಡಿ5. ಅವರು ಸಿ4, ನಾನು ಆ ಕಾಲಾಳನ್ನು ಹೊಡೆದೆ. ಅವರು ಇ3. ಹೊಡೆದದ್ದನ್ನು ಉಳಿಸಿಕೊಳ್ಳೋಣ ಅಂತ ಬಿ5 ಆಡಿದೆ. ಅವರು ಎ4, ನಾನು ಸಿ6. ಕಾಲಾಳು ಕಾಲಾಳು ಹೊಡೆದಾಡಿ, ನನ್ನ ಸಿ6ರದು ಬಿ5ಕ್ಕೆ ಬಂದಿತು. ಆಗ ಅವರ ಮಂತ್ರಿ ಎಫ್3ಕ್ಕೆ ಬಂದು ನಿಂತಿತು. ಅಲ್ಲಿಂದ ಓರೆಯಾಗಿ ಇ4, ಡಿ5, ಸಿ6, ಬಿ7 ಎಲ್ಲ ಖಾಲಿ. ಕೊನೆಯಲ್ಲಿ ಎ8ರ ನನ್ನ ಆನೆ. ಆನೆ ಉಳಿಯಬೇಕಾದರೆ ಕುದುರೆಯನ್ನೋ ಒಂಟೆಯನ್ನೋ ಅಡ್ಡ ಇಟ್ಟು ಕೊಡಬೇಕು.

ಆ ಹಾಳೆಯಲ್ಲಿ "ಬಿ5 ಆಡಬಾರದು" ಅಂತ ಬರೆಯಲಿಲ್ಲ. ಡಿ, ಸಿ, ಬಿ ಸಾಲಿನ ಮೂರೂ ಕಾಲಾಳು ಜಾಗ ಬಿಟ್ಟರೆ ಮೂಲೆಯ ಆನೆಯವರೆಗೆ ಓರೆ ದಾರಿ ತೆರೆಯುತ್ತದೆ, ಬಿಳಿ ಮಂತ್ರಿ ಎಫ್3ಕ್ಕೆ ಒಂದೇ ನಡೆಯಲ್ಲಿ ಬರಬಹುದಾ ನೋಡು ಅಂತ ಬರೆದೆ. ಈ ಹಾಳೆಯನ್ನು ಅಣ್ಣನಿಗೆ ಇನ್ನೂ ತೋರಿಸಿಲ್ಲ.